ಆಸ್ಟ್ರೇಲಿಯಾ ಸ್ಕಿಲ್ಡ್ ವೀಸಾ ರಿಜೆಕ್ಟ್ ಆದರೆ: ಅಪೀಲ್ ಯಾರಿಗುಂಟು, ಯಾರಿಗಿಲ್ಲ

ಆಸ್ಟ್ರೇಲಿಯಾದ ಸ್ಕಿಲ್ಡ್ ವೀಸಾ ಅರ್ಜಿ ತಿರಸ್ಕಾರವಾಯಿತು ಅಂದ ತಕ್ಷಣ ಎಲ್ಲರೂ ಕೇಳುವ ಪ್ರಶ್ನೆ ಒಂದೇ: ಅಪೀಲ್ ಹಾಕಬಹುದಾ? ಸಿಗುವ ಉತ್ತರಗಳು ಮಾತ್ರ ಒಂದಕ್ಕೊಂದು ತಾಳೆ ಆಗುವುದಿಲ್ಲ. 21 ದಿನ ಟೈಮ್ ಇದೆ ಅಂತ ಒಬ್ಬರು, 28 ದಿನ ಅಂತ ಇನ್ನೊಬ್ಬರು. ಎಎಟಿಗೆ ಹೋಗಿ ಅಂತ ಒಬ್ಬ ಏಜೆಂಟ್ ಹೇಳಿದರೆ, ಎಎಟಿ ಈಗ ಇಲ್ಲವೇ ಇಲ್ಲ ಅಂತ ಮತ್ತೊಬ್ಬರು.

ಇದರಲ್ಲಿ ಒಂದು ಗೊಂದಲ ಬೇಗ ಬಗೆಹರಿಯುತ್ತದೆ. ಎಎಟಿ, ಅಂದರೆ ಅಡ್ಮಿನಿಸ್ಟ್ರೇಟಿವ್ ಅಪೀಲ್ಸ್ ಟ್ರಿಬ್ಯೂನಲ್ಲನ್ನು ಮುಚ್ಚುವುದಾಗಿ ಆಗಿನ ಅಟಾರ್ನಿ ಜನರಲ್ ಮಾರ್ಕ್ ಡ್ರೇಫಸ್ 2022ರ ಡಿಸೆಂಬರಿನಲ್ಲಿ ಘೋಷಿಸಿದರು. ಸದಸ್ಯರ ನೇಮಕದಲ್ಲಿ ರಾಜಕೀಯ ಜಾಸ್ತಿಯಾಗಿದೆ, ಬಾಕಿ ಕೇಸುಗಳು ರಾಶಿ ಬಿದ್ದಿವೆ ಅನ್ನುವುದು ಅವರು ಕೊಟ್ಟ ಕಾರಣ. 2024ರ ಅಕ್ಟೋಬರ್ 14ರಂದು ಅದರ ಜಾಗಕ್ಕೆ ಅಡ್ಮಿನಿಸ್ಟ್ರೇಟಿವ್ ರಿವ್ಯೂ ಟ್ರಿಬ್ಯೂನಲ್, ಅಂದರೆ ಎಆರ್‌ಟಿ ಬಂತು. ಆಗ ವೀಸಾ ಕೇಸುಗಳ ಗಡುವು 28 ದಿನಕ್ಕೆ ಏರಿತು. ಹಳೆಯ ಬರಹಗಳಲ್ಲಿ 21 ಹಾಗೆಯೇ ಉಳಿದುಕೊಂಡಿದೆ, ಅಷ್ಟೆ.

ದೊಡ್ಡ ಗೊಂದಲ ಬೇರೆ ಇದೆ. ಹೊಸ ಟ್ರಿಬ್ಯೂನಲ್ ಬಂದಿದೆ, ಹಾಗಾಗಿ ರಿಜೆಕ್ಟ್ ಆದ ಎಲ್ಲರಿಗೂ ಇನ್ನೊಂದು ಅವಕಾಶ ಸಿಕ್ಕಿದೆ ಎಂದು ಹಲವರು ನಂಬಿದ್ದಾರೆ. ಅದು ತಪ್ಪು. ಟ್ರಿಬ್ಯೂನಲ್ಲಿನ ಹೆಸರು ಬದಲಾದದ್ದರಿಂದ ಯಾರ ಕೇಸೂ ತಾನಾಗಿ ಗಟ್ಟಿಯಾಗುವುದಿಲ್ಲ. ಮುಂದಿನ ದಾರಿಯನ್ನು ತೀರ್ಮಾನಿಸುವುದು ಎರಡು ಸಂಗತಿ. ತಿರಸ್ಕಾರದ ಪತ್ರ ಯಾವ ನಿಯಮವನ್ನು ಹೆಸರಿಸಿದೆ? ಅರ್ಜಿ ಹಾಕಿದಾಗ ಮತ್ತು ತೀರ್ಮಾನ ಬಂದಾಗ ಅರ್ಜಿದಾರರು ಆಸ್ಟ್ರೇಲಿಯಾದ ಒಳಗಿದ್ದರಾ, ಹೊರಗಿದ್ದರಾ?

ಅರ್ಜಿ ಸಾಗುವ ಹಾದಿ

ವಯಸ್ಸು, ಇಂಗ್ಲಿಷ್, ಕೆಲಸದ ಅನುಭವದಂಥವುಗಳ ಪಾಯಿಂಟ್ಸ್ ಲೆಕ್ಕದ ಮೇಲೆ ಕೊಡುವ ಸ್ಕಿಲ್ಡ್ ವೀಸಾಗಳು ಮುಖ್ಯವಾಗಿ ಮೂರು. 189 ಸ್ವತಂತ್ರ ವೀಸಾ. 190ಕ್ಕೆ ಯಾವುದಾದರೂ ರಾಜ್ಯದ ನಾಮಿನೇಶನ್ ಬೇಕು. 491 ಪ್ರಾದೇಶಿಕ ಊರುಗಳಿಗೆ ಕೊಡುವ ತಾತ್ಕಾಲಿಕ ವೀಸಾ. ಮೊದಲು ಓದು, ಅನುಭವ ಹುದ್ದೆಗೆ ಹೊಂದುತ್ತದೆಯೇ ಎಂದು ನೋಡುವ ಸ್ಕಿಲ್ ಅಸೆಸ್‌ಮೆಂಟ್, ಇಂಗ್ಲಿಷ್ ಪರೀಕ್ಷೆ. ಆಮೇಲೆ ಸ್ಕಿಲ್‌ಸೆಲೆಕ್ಟ್ ಎಂಬ ಆನ್‌ಲೈನ್ ವ್ಯವಸ್ಥೆಯಲ್ಲಿ ಇಒಐ, ಅಂದರೆ ವೀಸಾ ಬೇಕೆಂದು ಆಸಕ್ತಿ ತಿಳಿಸುವ ಫಾರ್ಮ್. ಪಾಯಿಂಟ್ಸ್ ಸಾಕಷ್ಟಿದ್ದರೆ ಇನ್ವಿಟೇಶನ್ ಬರುತ್ತದೆ. ಬಂದ 60 ದಿನದೊಳಗೆ ಫೀಸು ಕಟ್ಟಿ ಅರ್ಜಿ ಹಾಕಬೇಕು.

ಇಲ್ಲಿ ಗಮನಿಸಬೇಕಾದ ವಿಷಯ ಒಂದಿದೆ. ಇಒಐ ತುಂಬುವಾಗ ಯಾರೂ ದಾಖಲೆ ಕೇಳುವುದಿಲ್ಲ. ಅರ್ಜಿದಾರರು ಹೇಳಿದ ಪಾಯಿಂಟ್ಸನ್ನು ಕಂಪ್ಯೂಟರ್ ಹಾಗೆಯೇ ನಂಬುತ್ತದೆ. ಇನ್ವಿಟೇಶನ್ ಬಂತು ಅಂದರೆ ಯಾರೋ ಪರಿಶೀಲಿಸಿ ಒಪ್ಪಿದ್ದಾರೆ ಅಂತ ಅರ್ಥವಲ್ಲ. ಪರಿಶೀಲನೆ ಶುರುವಾಗುವುದು ಫೀಸು ಕಟ್ಟಿದ ಮೇಲೆ. 189ಕ್ಕೆ ಮುಖ್ಯ ಅರ್ಜಿದಾರರ ಫೀಸೇ ಐದು ಸಾವಿರ ಆಸ್ಟ್ರೇಲಿಯನ್ ಡಾಲರಿಗೆ ಹತ್ತಿರ ಬಂದಿದೆ. ಗಂಡ ಅಥವಾ ಹೆಂಡತಿ, ಮಕ್ಕಳದ್ದು ಬೇರೆ. ರಿಜೆಕ್ಟ್ ಆದರೆ ಈ ದುಡ್ಡು ವಾಪಸ್ ಬರುವುದಿಲ್ಲ.

85 ಪಾಯಿಂಟ್ಸ್ ಇದ್ದೂ ತಿರಸ್ಕಾರ ಏಕೆ?

ಪಾಸಾಗಲು ಬೇಕಾದದ್ದು 65 ಪಾಯಿಂಟ್ಸ್. ನನಗೆ 85 ಇದೆಯಲ್ಲ, ಆದರೂ ಯಾಕೆ ತಿರಸ್ಕಾರ? ಓದುಗರನ್ನು ಜಾಸ್ತಿ ತಬ್ಬಿಬ್ಬು ಮಾಡುವ ಪ್ರಶ್ನೆ ಇದು.

ಉತ್ತರ ನಿಯಮದಲ್ಲಿಯೇ ಇದೆ. ಅರ್ಜಿದಾರರು 65 ದಾಟಿದರೆ ಸಾಲದು. ಇನ್ವಿಟೇಶನ್ ಪತ್ರದಲ್ಲಿ ಎಷ್ಟು ಪಾಯಿಂಟ್ಸ್ ನಮೂದಾಗಿದೆಯೋ ಅದಕ್ಕಿಂತ ಕಡಿಮೆ ಆಗುವ ಹಾಗಿಲ್ಲ. 90 ಅಂತ ಹೇಳಿಕೊಂಡು ಇನ್ವಿಟೇಶನ್ ಪಡೆದವರ ದಾಖಲೆಗಳು 85ನ್ನಷ್ಟೇ ತೋರಿಸಿದರೆ ಅರ್ಜಿ ಬಿದ್ದುಹೋಗುತ್ತದೆ.

ಇದು ಹೇಗಾಗುತ್ತದೆ ಅನ್ನುವುದಕ್ಕೆ ಸಾಫ್ಟ್‌ವೇರ್ ಎಂಜಿನಿಯರ್ ಒಬ್ಬರ ಲೆಕ್ಕ ಹಾಕಿ ನೋಡೋಣ. 2015ರ ಜುಲೈನಲ್ಲಿ ಕೆಲಸಕ್ಕೆ ಸೇರಿದ್ದಾರೆ ಅಂದುಕೊಳ್ಳಿ. ಐಟಿ ಹುದ್ದೆಗಳ ಸ್ಕಿಲ್ ಅಸೆಸ್‌ಮೆಂಟ್ ಮಾಡುವುದು ಆಸ್ಟ್ರೇಲಿಯನ್ ಕಂಪ್ಯೂಟರ್ ಸೊಸೈಟಿ, ಎಸಿಎಸ್. ಓದಿದ್ದು ಕಂಪ್ಯೂಟರ್ ಸೈನ್ಸ್, ಕೆಲಸವೂ ಅದಕ್ಕೆ ಹೊಂದುವಂಥದ್ದು ಅಂದರೆ ಎಸಿಎಸ್ ಸಾಮಾನ್ಯವಾಗಿ ಮೊದಲ ಎರಡು ವರ್ಷವನ್ನು ಕಲಿಕೆಯ ಅವಧಿ ಎಂದು ಕಳೆಯುತ್ತದೆ. ಹಾಗಾಗಿ ಅದರ ಪತ್ರದಲ್ಲಿ '2017ರ ಜುಲೈ ನಂತರದ ಅನುಭವ' ಎಂಬ ಒಂದು ಸಾಲು ಇರುತ್ತದೆ. ಇವರಿಗೆ 2025ರ ಮಾರ್ಚಿನಲ್ಲಿ ಇನ್ವಿಟೇಶನ್ ಬಂತು. ಎಸಿಎಸ್ ಲೆಕ್ಕದಲ್ಲಿ ಅನುಭವ ಏಳು ವರ್ಷ ಎಂಟು ತಿಂಗಳು. ಆಸ್ಟ್ರೇಲಿಯಾದ ಹೊರಗಿನ ಅನುಭವ ಐದು ವರ್ಷ ತುಂಬಿ ಎಂಟಕ್ಕೆ ಕಡಿಮೆ ಇದ್ದರೆ 10 ಪಾಯಿಂಟ್ಸ್, ಎಂಟು ತುಂಬಿದರೆ 15. ಇವರು ಸಂಬಳದ ಮೊದಲ ತಿಂಗಳಿನಿಂದ ಎಣಿಸಿ ಒಂಬತ್ತು ವರ್ಷ ದಾಟಿದೆ ಅಂತ 15 ಹಾಕಿಕೊಂಡಿದ್ದರು. ವ್ಯತ್ಯಾಸ ಐದೇ ಪಾಯಿಂಟ್ಸ್. ಸುಳ್ಳು ದಾಖಲೆ ಇಲ್ಲ, ಮೋಸದ ಉದ್ದೇಶವಿಲ್ಲ. ಆದರೂ ಫಲ ಅದೇ.

ಇನ್ನೊಂದು ಸಂಗತಿ. ಈ ಪಾಯಿಂಟ್ಸ್ ಎಲ್ಲ ಇನ್ವಿಟೇಶನ್ ಬಂದ ದಿನಕ್ಕೆ ಲೆಕ್ಕ. ಅರ್ಜಿ ಪೆಂಡಿಂಗ್ ಇದ್ದಾಗ ಎಂಟು ವರ್ಷ ತುಂಬಿತು ಅಂದರೆ ಉಪಯೋಗವಿಲ್ಲ. ಆಮೇಲೆ ಇಂಗ್ಲಿಷ್ ಪರೀಕ್ಷೆಯಲ್ಲಿ ಒಳ್ಳೆಯ ಸ್ಕೋರ್ ಬಂದರೂ ಅಷ್ಟೆ.

ಇದೇ ತಪ್ಪು ಫೀಸು ಕಟ್ಟುವ ಮೊದಲೇ ಗೊತ್ತಾದರೆ ನಷ್ಟ ಹೆಚ್ಚೇನಿಲ್ಲ. ಆ ಇನ್ವಿಟೇಶನ್ನನ್ನು ಬಿಟ್ಟುಬಿಡಬಹುದು. 60 ದಿನಕ್ಕೆ ಅದು ತಾನಾಗಿ ಮುಗಿಯುತ್ತದೆ. ಇಒಐ ಸರಿಮಾಡಿಕೊಂಡು 85 ಪಾಯಿಂಟ್ಸಿನಲ್ಲಿ ಕಾಯಬೇಕು. ಎರಡು ಸಲ ಇನ್ವಿಟೇಶನ್ ಬಂದೂ ಅರ್ಜಿ ಹಾಕದಿದ್ದರೆ ಇಒಐ ರದ್ದಾಗುತ್ತದೆ ಅನ್ನುವುದಷ್ಟೇ ನೆನಪಿರಬೇಕು. ಕೈಗೆ ಬಂದ ಇನ್ವಿಟೇಶನ್ ಬಿಡಲು ಮನಸ್ಸು ಬರುವುದಿಲ್ಲ, ನಿಜ. ಆದರೆ ಹೇಗೂ ಬೀಳುವ ಅರ್ಜಿಗೆ ಸುಮ್ನೆ ಐದು ಸಾವಿರ ಡಾಲರ್ ಕಟ್ಟುವುದರಲ್ಲಿ ಅರ್ಥವೂ ಇಲ್ಲ.

4020 ಅನ್ನುವ ನಂಬರ್

ತಿರಸ್ಕಾರದ ಪತ್ರದಲ್ಲಿ ಎಲ್ಲಾದರೂ 'ಪಿಐಸಿ 4020' ಅಂತ ಇದೆಯೇ ಎಂದು ಮೊದಲು ನೋಡಬೇಕು. ನಕಲಿ ದಾಖಲೆ ಅಥವಾ ಅರ್ಜಿಗೆ ಸಂಬಂಧಪಟ್ಟ ಸುಳ್ಳು ಮಾಹಿತಿ ಕೊಟ್ಟಿದ್ದಾರೆ ಎಂದು ವೀಸಾ ತೀರ್ಮಾನಿಸುವ ಗೃಹ ಇಲಾಖೆಗೆ ಅನ್ನಿಸಿದಾಗ ಬಳಸುವ ನಿಯಮ ಇದು. ಇದರಡಿ ರಿಜೆಕ್ಟ್ ಆದರೆ, ಇದೇ ನಿಯಮ ಅನ್ವಯಿಸುವ ವೀಸಾಗಳಿಗೆ ಮೂರು ವರ್ಷ ತಡೆ ಬೀಳುತ್ತದೆ. ಗುರುತಿನ ವಿಷಯದಲ್ಲಿ ಸಿಕ್ಕಿಬಿದ್ದರೆ ಹತ್ತು ವರ್ಷ. ಅದೇ ಅರ್ಜಿಯಲ್ಲಿದ್ದ ಗಂಡ, ಹೆಂಡತಿ, ಮಕ್ಕಳಿಗೂ ಇದು ತಟ್ಟುತ್ತದೆ. ಆಸ್ಟ್ರೇಲಿಯಾದ ಹಿತಕ್ಕೆ ಅಥವಾ ಅಲ್ಲಿನ ನಾಗರಿಕರು, ಪಿಆರ್ ಇರುವವರ ಹಿತಕ್ಕೆ ಸಂಬಂಧಪಟ್ಟ ಬಲವಾದ ಕಾರಣವಿದ್ದರೆ ವಿನಾಯಿತಿ ಕೇಳಬಹುದು. ಗುರುತಿನ ಕೇಸಿನಲ್ಲಿ ಅದೂ ಇಲ್ಲ.

ಸ್ಕಿಲ್ಡ್ ವೀಸಾದಲ್ಲಿ ಇದು ಹೆಚ್ಚಾಗಿ ಹುಟ್ಟುವುದು ಕೆಲಸದ ಅನುಭವದಿಂದ. ಇಲಾಖೆಯವರು ಹಳೆಯ ಕಂಪನಿಗೆ ಫೋನ್ ಮಾಡಿ ವಿಚಾರಿಸುವುದುಂಟು. ಫೋನ್ ಎತ್ತಿದವರಿಗೆ ಐದು ವರ್ಷದ ಹಿಂದೆ ಬಿಟ್ಟುಹೋದವರ ಹೆಸರು ಗೊತ್ತಿಲ್ಲ. ಎಚ್‌ಆರ್‌ನವರು ಹುದ್ದೆಯ ಹೆಸರು ಬೇರೆ ಹೇಳುತ್ತಾರೆ. ರೆಫರೆನ್ಸ್ ಲೆಟರಿಗೆ ಸಹಿ ಹಾಕಿದ ಮ್ಯಾನೇಜರ್ ಕಂಪನಿ ಬಿಟ್ಟಾಗಿದೆ. ಇವುಗಳಲ್ಲಿ ಯಾವುದೂ ಮೋಸವಲ್ಲ. ಆದರೆ ಕೇಸ್ ಆಫೀಸರ್ ಕಣ್ಣಿಗೆ ಕಾಣುವುದು ಒಂದೇ: ಪತ್ರ ಹೇಳುವುದು ಒಂದು, ಕಂಪನಿ ಹೇಳುವುದು ಇನ್ನೊಂದು. ಸಂಬಳ ಜಮೆಯಾದ ಬ್ಯಾಂಕ್ ಸ್ಟೇಟ್‌ಮೆಂಟ್, ಫಾರ್ಮ್ 16, ಪಿಎಫ್ ಪಾಸ್‌ಬುಕ್ ಇಂಥ ಮೂರನೆಯವರ ದಾಖಲೆಗಳಿಗೆ ಬೆಲೆ ಬರುವುದು ಇಲ್ಲೇ. ಇವನ್ನು ಮ್ಯಾನೇಜರ್ ಒಬ್ಬರ ಸಹಿಯಿಂದ ಸೃಷ್ಟಿಸಲಾಗದು.

ಹಾಗಾದರೆ ಪ್ರಾಮಾಣಿಕ ತಪ್ಪಿಗೂ 4020 ಬೀಳುತ್ತದೆಯೇ? ತ್ರಿವೇದಿ ಎಂಬ ಕೇಸಿನಲ್ಲಿ 2014ರಲ್ಲಿ ಫೆಡರಲ್ ಕೋರ್ಟಿನ ಪೂರ್ಣಪೀಠ ಇದಕ್ಕೆ ಉತ್ತರ ಕೊಟ್ಟಿದೆ. ಬರೀ ಕೈತಪ್ಪು ಸಾಲದು, ಯಾರಾದರೊಬ್ಬರ ಕಡೆಯಿಂದ ಮೋಸದ ಅಂಶ ಇರಬೇಕು. ಆದರೆ ಆ 'ಯಾರಾದರೊಬ್ಬರು' ಅರ್ಜಿದಾರರೇ ಆಗಿರಬೇಕಿಲ್ಲ. ಏಜೆಂಟ್ ಸುಳ್ಳು ಪತ್ರ ಸೇರಿಸಿದ್ದು ಅರ್ಜಿದಾರರಿಗೆ ಗೊತ್ತಿರಲಿಲ್ಲ ಅಂದರೂ ನಿಯಮ ಅನ್ವಯಿಸಬಹುದು. ಈ ಕಾರಣಕ್ಕೆ ಏಜೆಂಟ್ ಸಲ್ಲಿಸಿದ ಪ್ರತಿಯೊಂದು ಕಾಗದದ ನಕಲನ್ನೂ ಕೇಳಿ ಪಡೆದು ಓದಬೇಕು. ಆಸ್ಟ್ರೇಲಿಯಾದ ಹೊರಗೆ ಕೂತು ಸಲಹೆ ಕೊಡುವ ಏಜೆಂಟರು ಅಲ್ಲಿ ನೋಂದಾಯಿಸಿಕೊಳ್ಳಬೇಕೆಂಬ ಕಡ್ಡಾಯವಿಲ್ಲ. ನೋಂದಣಿ ಇಲ್ಲದವರ ಮೇಲೆ ಅಲ್ಲಿನ ನಿಯಂತ್ರಕರಿಗೆ ದೂರು ಕೊಟ್ಟರೂ ಹಿಡಿತ ಸಿಗುವುದು ಕಷ್ಟ.

ತಿರಸ್ಕಾರಕ್ಕೆ ಮೊದಲು ಬರುವ ಪತ್ರ

ಕಂಪನಿಯಿಂದಲೋ ಬೇರೆ ಯಾರಿಂದಲೋ ಅರ್ಜಿದಾರರಿಗೆ ವಿರುದ್ಧವಾದ ಮಾಹಿತಿ ಸಿಕ್ಕಿದರೆ, ಅದನ್ನು ತಿಳಿಸಿ ಉತ್ತರ ಕೇಳಬೇಕು ಎನ್ನುತ್ತದೆ ಮೈಗ್ರೇಶನ್ ಕಾಯ್ದೆಯ ಸೆಕ್ಷನ್ 57. ಇದಕ್ಕೆ ನ್ಯಾಚುರಲ್ ಜಸ್ಟಿಸ್ ಪತ್ರ ಅನ್ನುತ್ತಾರೆ. ಉತ್ತರಕ್ಕೆ ಸಾಮಾನ್ಯವಾಗಿ 28 ದಿನ.

ಆದರೆ ಈ ಸೆಕ್ಷನ್ ಅರ್ಜಿದಾರರೇ ಕೊಟ್ಟ ಮಾಹಿತಿಗೆ ಅನ್ವಯಿಸುವುದಿಲ್ಲ. ಮೇಲಿನ ಎಂಜಿನಿಯರ್ ಕೇಸಿನಲ್ಲಿ ಎಸಿಎಸ್ ಪತ್ರ ಅವರೇ ಅಪ್‌ಲೋಡ್ ಮಾಡಿದ್ದು. ಹಾಗಾಗಿ ಒಂದು ಮಾತೂ ಕೇಳದೆ ನೇರ ತಿರಸ್ಕಾರ ಬರಬಹುದು. ಮೋಸದ ಅನುಮಾನ ಇರುವವರಿಗೆ ಮುಂಚಿತವಾಗಿ ಪತ್ರ, ಲೆಕ್ಕ ತಪ್ಪಿದವರಿಗೆ ನೇರ ರಿಜೆಕ್ಟ್! ವಿಚಿತ್ರ ಅಲ್ವಾ? ಆದರೆ ಕಾನೂನಿನ ತರ್ಕ ಹಾಗಿದೆ: ನಿಮಗೆ ಗೊತ್ತಿಲ್ಲದ ಮಾಹಿತಿಯನ್ನು ತಿಳಿಸುವ ಹೊಣೆ ಇಲಾಖೆಯದ್ದು, ನೀವೇ ಕೊಟ್ಟದ್ದರ ಹೊಣೆ ನಿಮ್ಮದು.

ತೀರ್ಮಾನ ಹೊರಬೀಳುವ ಮೊದಲು ಅರ್ಜಿಯನ್ನು ವಾಪಸ್ ತೆಗೆದುಕೊಳ್ಳುವ ಅವಕಾಶವೂ ಇದೆ. ಫೀಸು ಹೋಗುತ್ತದೆ. ಆದರೆ ದಾಖಲೆಯಲ್ಲಿ ತಿರಸ್ಕಾರ ಕೂರುವುದಿಲ್ಲ. ಪಾಯಿಂಟ್ಸ್ ಜಾಸ್ತಿ ಹೇಳಿಕೊಂಡದ್ದು ಖಚಿತವಾಗಿ ಗೊತ್ತಾದವರಿಗೆ ಇದು ಯೋಗ್ಯ ದಾರಿ. ಆರೋಪ ಸುಳ್ಳು, ಪುರಾವೆ ಕೈಯಲ್ಲಿದೆ ಅನ್ನುವವರು ಹಿಂದೆ ಸರಿಯುವ ಬದಲು ಉತ್ತರ ಕೊಡುವುದೇ ಸರಿ. ಇಲಾಖೆಯ ಕಡತದಲ್ಲಿ ಆ ಆರೋಪ ಉಳಿದೇ ಇರುತ್ತದಲ್ಲ.

ಒಳಗಿದ್ದವರಿಗೆ ಒಂದು, ಹೊರಗಿದ್ದವರಿಗೆ ಇನ್ನೊಂದು

ಈಗ ಅಪೀಲ್ ಪ್ರಶ್ನೆಗೆ ಬರೋಣ. ಆಸ್ಟ್ರೇಲಿಯಾದಲ್ಲಿದ್ದುಕೊಂಡು 189 ಅಥವಾ 190ಕ್ಕೆ ಅರ್ಜಿ ಹಾಕಿ ತಿರಸ್ಕಾರ ಪಡೆದವರು ಎಆರ್‌ಟಿಗೆ ಹೋಗಬಹುದು. ಹೊರಗಿನಿಂದ ಅರ್ಜಿ ಹಾಕಿದವರಾದರೆ, ತೀರ್ಮಾನವಾದ ದಿನವೂ, ರಿವ್ಯೂ ಕೇಳುವ ದಿನವೂ ಆಸ್ಟ್ರೇಲಿಯಾದಲ್ಲಿ ಇದ್ದಿರಬೇಕು. ಅಂದರೆ ಬೆಂಗಳೂರಿನಲ್ಲಿ ಕೂತು ಅರ್ಜಿ ಹಾಕಿ, ಅಲ್ಲೇ ಕೂತು ತಿರಸ್ಕಾರದ ಇಮೇಲ್ ಓದಿದವರಿಗೆ ಸಾಮಾನ್ಯವಾಗಿ ಟ್ರಿಬ್ಯೂನಲ್ ಬಾಗಿಲು ತೆರೆಯುವುದಿಲ್ಲ. ಆಮೇಲೆ ವಿಮಾನ ಹತ್ತಿ ಹೋದರೂ ಪ್ರಯೋಜನವಿಲ್ಲ. ರಿವ್ಯೂ ಹಕ್ಕು ಇದೆಯೋ ಇಲ್ಲವೋ ಎಂದು ಆ ಪತ್ರದಲ್ಲೇ ಬರೆದಿರುತ್ತದೆ. ಆನ್‌ಲೈನ್ ಗುಂಪಿನಲ್ಲಿ ಯಾರೋ ಹೇಳಿದ್ದಕ್ಕಿಂತ ಆ ಒಂದು ಪ್ಯಾರಾ ಮುಖ್ಯ.

ಈ ವ್ಯತ್ಯಾಸ ಸರಿಯೇ ಎನ್ನುವುದರ ಬಗ್ಗೆ ಎರಡು ವಾದಗಳಿವೆ. ಒಳಗಿದ್ದವರು ಮನೆ, ಕೆಲಸ, ಮಕ್ಕಳ ಶಾಲೆ ಬಿಟ್ಟು ಹೊರಡಬೇಕಾಗುತ್ತದೆ, ಅವರ ನಷ್ಟ ದೊಡ್ಡದು ಅನ್ನುವುದು ಒಂದು. ಹೊರಗಿನವರಿಗೂ ಅಪೀಲ್ ಕೊಟ್ಟರೆ ಟ್ರಿಬ್ಯೂನಲ್ ಮುಳುಗಿಹೋಗುತ್ತದೆ ಅನ್ನುವ ಭಯವೂ ಇದರ ಜೊತೆಗಿದೆ. ಹಿಂದಿನ ಎಎಟಿ ಬಾಕಿ ಕೇಸುಗಳಲ್ಲಿ ನರಳಿದ್ದನ್ನು ನೋಡಿದರೆ ಅದು ಪೊಳ್ಳು ಭಯವಲ್ಲ. ಇನ್ನೊಂದು ಕಡೆಯ ವಾದ ನೇರವಾಗಿದೆ: ಇಬ್ಬರೂ ಕಟ್ಟುವುದು ಒಂದೇ ಫೀಸು, ಇಬ್ಬರ ಮೇಲೂ ಹೇರುವುದು ಒಂದೇ ನಿಯಮ, 4020ರ ಮೂರು ವರ್ಷದ ತಡೆಯೂ ಒಂದೇ. ಅಧಿಕಾರಿ ತಪ್ಪು ಮಾಡಿದರೆ ಅದನ್ನು ಸ್ವತಂತ್ರವಾಗಿ ನೋಡುವವರು ಮಾತ್ರ ಒಬ್ಬರಿಗುಂಟು, ಇನ್ನೊಬ್ಬರಿಗಿಲ್ಲ. ಪಾಯಿಂಟ್ಸ್ ಲೆಕ್ಕದ ಕೇಸುಗಳ ಮಟ್ಟಿಗೆ ಮೊದಲ ವಾದವನ್ನು ಒಪ್ಪಬಹುದು, ಏಕೆಂದರೆ ಅವರು ಮತ್ತೆ ಅರ್ಜಿ ಹಾಕಬಹುದು. 4020 ಕೇಸಿನಲ್ಲಿ ಅದು ಒಪ್ಪುವ ಮಾತಲ್ಲ. ಮೋಸಗಾರ ಎಂಬ ಹಣೆಪಟ್ಟಿ ಹಚ್ಚಿದ ಮೇಲೆ ಅದನ್ನು ಪ್ರಶ್ನಿಸಲು ಕೋರ್ಟ್ ಬಿಟ್ಟು ಬೇರೆ ಜಾಗವೇ ಇಲ್ಲದಿರುವುದು ಕಠೋರ.

ಟ್ರಿಬ್ಯೂನಲ್ ಏನು ಮಾಡಬಲ್ಲದು

ಎಆರ್‌ಟಿ ಕೇಸನ್ನು ಮೊದಲಿನಿಂದ ನೋಡುತ್ತದೆ. ಹೊಸ ಪುರಾವೆ ಕೊಡಬಹುದು. ಕಂಪನಿಯ ಫೋನ್ ಉತ್ತರ ತಪ್ಪು ಎಂದು ತೋರಿಸುವ ಸಂಬಳದ ದಾಖಲೆ, ಹಳೆಯ ಮ್ಯಾನೇಜರಿನ ಹೇಳಿಕೆ ಇವೆಲ್ಲ ಇಲ್ಲಿ ಕೆಲಸಕ್ಕೆ ಬರುತ್ತವೆ. ಒಪ್ಪಿದರೆ ಸಾಮಾನ್ಯವಾಗಿ ಕೇಸನ್ನು ಇಲಾಖೆಗೆ ವಾಪಸ್ ಕಳಿಸುತ್ತದೆ. ಫೀಸು ಸುಮಾರು 3,500 ಡಾಲರ್. ಗೆದ್ದರೆ ಅರ್ಧ ವಾಪಸ್ ಸಿಗುತ್ತದೆ. 28 ದಿನದ ಗಡುವು ಒಂದು ದಿನ ಮೀರಿದರೂ ವಲಸೆ ಕೇಸುಗಳಲ್ಲಿ ಅದನ್ನು ವಿಸ್ತರಿಸುವ ಅಧಿಕಾರ ಟ್ರಿಬ್ಯೂನಲ್‌ಗಿಲ್ಲ.

ಆದರೆ ಟ್ರಿಬ್ಯೂನಲ್ ನಿಯಮ ಮೀರಲಾರದು. ಇನ್ವಿಟೇಶನ್ ದಿನಕ್ಕೆ 85 ಇದ್ದದ್ದನ್ನು 90 ಮಾಡಲು ಅದಕ್ಕೂ ಸಾಧ್ಯವಿಲ್ಲ. ಎಷ್ಟೇ ಕನಿಕರ ಹುಟ್ಟಿದರೂ ಅಷ್ಟೆ. ಆರೋಗ್ಯದ ಕಾರಣಕ್ಕೆ ಬಂದ ತಿರಸ್ಕಾರವೂ ಬಹುಮಟ್ಟಿಗೆ ಹೀಗೆಯೇ. ಕುಟುಂಬದ ಒಬ್ಬರ ಚಿಕಿತ್ಸೆಯ ಅಂದಾಜು ವೆಚ್ಚ ಮಿತಿ ದಾಟಿದರೆ ಎಲ್ಲರ ವೀಸಾವೂ ಹೋಗುತ್ತದೆ. 2024ರ ಜುಲೈಯಲ್ಲಿ ಆ ಮಿತಿಯನ್ನು 86,000 ಡಾಲರಿಗೆ ಏರಿಸಿದ್ದರಿಂದ ಕೆಲವರಿಗೆ ಅನುಕೂಲವಾಗಿದೆ.

ಬ್ರಿಡ್ಜಿಂಗ್ ವೀಸಾ, ಸೆಕ್ಷನ್ 48

ಗೆಲ್ಲದ ಕೇಸನ್ನೂ ಕೆಲವರು ಎಆರ್‌ಟಿಗೆ ಒಯ್ಯುತ್ತಾರೆ. ಕಾರಣ ಬ್ರಿಡ್ಜಿಂಗ್ ವೀಸಾ, ಅಂದರೆ ತೀರ್ಮಾನ ಬರುವವರೆಗೆ ಅಲ್ಲಿ ಇರಲು ಕೊಡುವ ತಾತ್ಕಾಲಿಕ ವೀಸಾ. ಆಸ್ಟ್ರೇಲಿಯಾ ಒಳಗೆ ಅರ್ಜಿ ಹಾಕಿದವರಿಗೆ ಸಿಗುವ ಬ್ರಿಡ್ಜಿಂಗ್ ವೀಸಾ ಎ, ತಿರಸ್ಕಾರವಾದ 35 ದಿನಕ್ಕೆ ಮುಗಿಯುತ್ತದೆ. ಗಡುವಿನೊಳಗೆ ರಿವ್ಯೂ ಹಾಕಿದರೆ ಟ್ರಿಬ್ಯೂನಲ್ ತೀರ್ಮಾನದವರೆಗೂ ಮುಂದುವರಿಯುತ್ತದೆ. ಹೀಗೆ ಸಮಯ ಕೊಳ್ಳುವುದು ಕಾನೂನುಬಾಹಿರವಲ್ಲ. ಆದರೆ ಆ ಸಮಯದಲ್ಲಿ ವಯಸ್ಸು ಏರುತ್ತದೆ. 33 ತುಂಬಿದರೆ 30 ಪಾಯಿಂಟ್ಸ್ 25ಕ್ಕೆ ಇಳಿಯುತ್ತದೆ, 40 ತುಂಬಿದರೆ 15ಕ್ಕೆ. 45 ತುಂಬಿದವರಿಗೆ ಇನ್ವಿಟೇಶನ್ ಇಲ್ಲ. ಇಂಗ್ಲಿಷ್ ಪರೀಕ್ಷೆಯ ಫಲಿತಾಂಶ ಮೂರು ವರ್ಷಕ್ಕೆ ಹಳಸುತ್ತದೆ.

ಇನ್ನು ಮೈಗ್ರೇಶನ್ ಕಾಯ್ದೆಯ ಸೆಕ್ಷನ್ 48. ಆಸ್ಟ್ರೇಲಿಯಾದಲ್ಲಿ ವೀಸಾ ತಿರಸ್ಕಾರವಾಗಿ, ಕೈಯಲ್ಲಿ ಬ್ರಿಡ್ಜಿಂಗ್ ವೀಸಾ ಬಿಟ್ಟು ಬೇರೆ ವೀಸಾ ಇಲ್ಲದವರು ಅಲ್ಲೇ ಇದ್ದು ಬಹುತೇಕ ವೀಸಾಗಳಿಗೆ ಮತ್ತೆ ಅರ್ಜಿ ಹಾಕುವ ಹಾಗಿಲ್ಲ. ಇನ್ನೊಂದು 189 ಬೇಕೆಂದರೆ ದೇಶದ ಹೊರಗಿನಿಂದ ಹಾಕಬೇಕು. ಹಾಗಂತ ಬ್ರಿಡ್ಜಿಂಗ್ ವೀಸಾ ಬಿ ತೆಗೆದುಕೊಂಡು ಒಂದು ಸುತ್ತು ಹೊರಗೆ ಹೋಗಿ ಬಂದರೆ ತಡೆ ಕಳಚುವುದಿಲ್ಲ. ಅಂಥವರನ್ನು ಕಾನೂನು ಒಳಗೇ ಇದ್ದವರೆಂದು ಎಣಿಸುತ್ತದೆ. 2021ರ ನವೆಂಬರ್ 13ರಿಂದ ಒಂದು ಸಡಿಲಿಕೆ ಇದೆ: 190, 491 ಮತ್ತು ಉದ್ಯೋಗದಾತರು ಪ್ರಾಯೋಜಿಸುವ 494ಕ್ಕೆ ಈ ತಡೆ ಅನ್ವಯಿಸುವುದಿಲ್ಲ. ಹಾಗಾಗಿ 189 ಕಳೆದುಕೊಂಡವರಿಗೆ ರಾಜ್ಯದ ನಾಮಿನೇಶನ್ನೇ ಹೆಚ್ಚು ಹತ್ತಿರದ ದಾರಿ. 190ಕ್ಕೆ 5, 491ಕ್ಕೆ 15 ಪಾಯಿಂಟ್ಸ್ ಅದರಿಂದಲೇ ಸೇರುತ್ತದೆ.

ಕೋರ್ಟಿಗೆ ಹೋದರೆ

ಟ್ರಿಬ್ಯೂನಲ್‌ನಲ್ಲೂ ಸೋತರೆ, ಆ ತೀರ್ಮಾನವಾದ 35 ದಿನದೊಳಗೆ ಫೆಡರಲ್ ಸರ್ಕ್ಯೂಟ್ ಅಂಡ್ ಫ್ಯಾಮಿಲಿ ಕೋರ್ಟಿಗೆ ಹೋಗಬಹುದು. ಟ್ರಿಬ್ಯೂನಲ್ ಹಕ್ಕಿಲ್ಲದ, ಹೊರಗಿದ್ದವರಿಗೂ ಈ ಬಾಗಿಲು ಇದೆ. ಆದರೆ ಕೋರ್ಟ್ ನೋಡುವುದು ಅಧಿಕಾರಿ ಕಾನೂನು ಮೀರಿದರೇ ಎನ್ನುವುದನ್ನು ಮಾತ್ರ. ವೀಸಾ ಕೊಡುವ ಅಧಿಕಾರ ಅದಕ್ಕಿಲ್ಲ. ಗೆದ್ದರೆ ಅರ್ಜಿ ಮತ್ತೆ ಇಲಾಖೆಯ ಮೇಜಿಗೆ ಹೋಗುತ್ತದೆ, ಸೋತರೆ ಸರ್ಕಾರದ ವಕೀಲರ ಖರ್ಚೂ ತಲೆಗೆ ಬರಬಹುದು.

ಹೊಸ ಅರ್ಜಿಯಲ್ಲಿ ಹಳೆಯ ತಿರಸ್ಕಾರ

4020 ಇಲ್ಲದ ತಿರಸ್ಕಾರ ಹೊರಗಿರುವವರಿಗೆ ತಡೆಯಲ್ಲ. ಮರುದಿನವೇ ಹೊಸ ಇಒಐ ಹಾಕಬಹುದು. ಹಳೆಯ ಪತ್ರವನ್ನು ಎದುರಿಟ್ಟುಕೊಂಡು, ಯಾವ ಪಾಯಿಂಟ್ಸನ್ನು ಒಪ್ಪಲಿಲ್ಲವೋ ಅದನ್ನು ಬಿಟ್ಟು ಲೆಕ್ಕ ಹಾಕಬೇಕು. ಕಾರಣ ಸ್ಪಷ್ಟವಾಗದಿದ್ದರೆ ಮಾಹಿತಿ ಹಕ್ಕಿನ ಕಾನೂನಿನಡಿ ಇಲಾಖೆಯಿಂದ ಸ್ವಂತ ಕಡತ ತರಿಸಿಕೊಳ್ಳಬಹುದು. ಅದಕ್ಕೆ 30 ದಿನದ ಅವಧಿ ಇರುವುದರಿಂದ, ರಿವ್ಯೂ ಹಕ್ಕು ಇರುವವರು ಕಡತಕ್ಕಾಗಿ ಕಾಯುತ್ತ ಕೂತರೆ 28 ದಿನ ಕಳೆದೇ ಹೋಗಿರುತ್ತದೆ.

ಹೊಸ ಫಾರ್ಮಿನಲ್ಲಿ ಹಿಂದೆ ಯಾವುದಾದರೂ ದೇಶ ವೀಸಾ ನಿರಾಕರಿಸಿದೆಯೇ ಎಂಬ ಪ್ರಶ್ನೆ ಇರುತ್ತದೆ. ಉತ್ತರ 'ಹೌದು' ಅಂತಲೇ ಬರೆಯಬೇಕು. ಐದು ಪಾಯಿಂಟ್ಸ್ ಲೆಕ್ಕ ತಪ್ಪಿ ರಿಜೆಕ್ಟ್ ಆದದ್ದನ್ನು ಒಪ್ಪಿಕೊಂಡವರಿಗೆ ಅಷ್ಟರಿಂದಲೇ ವೀಸಾ ತಪ್ಪುವುದಿಲ್ಲ. ಅದನ್ನು ಮುಚ್ಚಿಟ್ಟರೆ ಆ ಮುಚ್ಚಿಟ್ಟದ್ದೇ ಸುಳ್ಳು ಮಾಹಿತಿಯಾಗಿ, ಮೊದಲ ಸಲ ಇಲ್ಲದಿದ್ದ 4020 ಎರಡನೇ ಸಲ ಬೀಳಬಹುದು. ಕೆನಡಾ, ಬ್ರಿಟನ್, ನ್ಯೂಜಿಲೆಂಡ್, ಅಮೆರಿಕಗಳ ಜೊತೆ ಆಸ್ಟ್ರೇಲಿಯಾ ವಲಸೆ ಮಾಹಿತಿ ಹಂಚಿಕೊಳ್ಳುವುದರಿಂದ, ದೇಶ ಬದಲಿಸಿ ಅರ್ಜಿ ಹಾಕುವವರಿಗೂ ಈ ಮಾತು ಅನ್ವಯಿಸುತ್ತದೆ.